ಒಳಗೆ ನೋಡಬಾರದು

ಇಷ್ಟೆಲ್ಲ ರಂಪಕ್ಕೆ ಕಾರಣ ಅಂಗೈಯಷ್ಟು ಅಗಲದ ಒಂದು ಚೀಟಿ.

ಕಮಲಾಪುರದ ಒಂದು ಪತ್ತಿನ ಸಂಘದ ಹಿಂದಿನ ಖೋಲಿಯಲ್ಲಿ ಒಂದು ಕರಿ ಪೆಟ್ಟಿಗೆ ಇತ್ತು. ತಿಂಗಳುಗಟ್ಟಲೆ ಇತ್ತು. ಸಂಘದವರು ಅದರ ಮೇಲೆ ಹಳೇ ಕ್ಯಾಲೆಂಡರ್ ಒಟ್ಟುತ್ತಿದ್ದರು, ಬೆಕ್ಕು ಮಲಗುತ್ತಿತ್ತು. ಒಬ್ಬನೇ ಒಬ್ಬ ಮನುಷ್ಯ ಅದರ ಕಡೆ ತಿರುಗಿ ನೋಡಿರಲಿಲ್ಲ. ಅದರ ಪರೀಕ್ಷೆಯ ಹಿಂದಿನ ದಿನ ಅಣವೀರಪ್ಪ ಬಂದವನೇ, ಮುಂಜಾಗ್ರತೆಗೆ ಇರಲಿ ಅಂತ, ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ "ಒಳಗೆ ನೋಡಬಾರದು" ಎಂದು ಬರೆದ ಚೀಟಿ ಅಂಟಿಸಿ ಹೋದ.

ಮರುದಿನ ಚಹಾದ ಹೊತ್ತಿಗೆ ಇಡೀ ಕಮಲಾಪುರ ಒಳಗೆ ನೋಡಿತ್ತು.

ಇಡೀ ಅಂದರೆ ಇಡೀ. ನಾನು ಹೆಚ್ಚು ಮಾಡಿ ಹೇಳುವ ಮನುಷ್ಯನಲ್ಲ. ಬೀದರಿನಿಂದ ರಾಯಚೂರಿನ ತನಕ ಯಾರನ್ನು ಬೇಕಾದರೂ ಕೇಳಿ, ನನ್ನಷ್ಟು ತೂಗಿ ಮಾತಾಡುವವ ಇನ್ನೊಬ್ಬ ಸಿಕ್ಕರೆ ನನ್ನ ಮೀಸೆ ಬೋಳಿಸಿ ಅವನಿಗೇ ಕೊಡುತ್ತೇನೆ. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರ ತನಕ ನೋಡಿದರು. ಹುಮನಾಬಾದಿಗೆ ಹೊರಟಿದ್ದ ಬಸ್ಸು ನಿಂತು, ಅದರ ಡ್ರೈವರ್, ಕಂಡಕ್ಟರ್ ಇಬ್ಬರೂ ಇಳಿದು ನೋಡಿ ಹೋದರು. ಬೆಕ್ಕು ಸಹಿತ ಅವತ್ತು ಮೇಲೆ ಮಲಗುವುದು ಬಿಟ್ಟು ಒಳಗೆ ಇಣುಕಿತು.

ಈ ಅಣವೀರಪ್ಪ ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಉಂಡು, ಎಲೆಅಡಿಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೋಗುವವನು. ಇವನು ಒಂಬತ್ತು ವರ್ಷದಿಂದ ಅತಿಥಿ. ಇವನ ಹಿಂದಿನಿಂದ ಬಂದ ಕುರ್ಚಿ, ಮೇಜು, ನೀರಿನ ಫಿಲ್ಟರ್ ಎಲ್ಲವೂ ಕಾಯಂ ಆಗಿ ಮೈಮೇಲೆ ನಂಬರು ಬರೆಸಿಕೊಂಡಿದ್ದವು. ಪ್ರಿನ್ಸಿಪಾಲ್ ಯಶವಂತರಾಯರು ಪ್ರತಿ ವರ್ಷ "ಮುಂದಿನ ವರ್ಷ ನೋಡೋಣಪಾ" ಅನ್ನುವರು. ಈ ಸಲ ಮಾತ್ರ ಬಾಯಿಬಿಟ್ಟು ಹೇಳಿದ್ದರು.

"ಕಮಿಟಿ ಮುಂದ ಆ ಯಂತ್ರ ಪಾಸಾಗಲಿ, ಮರುದಿನ ನಿನ್ನ ಕಾಯಂ ಆರ್ಡರ್ ಕೈಯಾಗ ಕೊಡ್ತೀನಿ. ಫೇಲಾತೋ, ನೀ ಅತಿಥಿನೂ ಅಲ್ಲ."

ಯಂತ್ರ ಎಂಥದು ಅನ್ನುತ್ತೀರಾ? ಗುಟ್ಟಿನ ಕೀಲಿಕೈ ಹಂಚುವ ಯಂತ್ರ. ಕಲಬುರಗಿಯ ಕಾಲೇಜಿನಲ್ಲಿ ಒಂದು ಪೆಟ್ಟಿಗೆ, ಹತ್ತಿರ ಹತ್ತಿರ ನಲ್ವತ್ತು ಕಿಲೋಮೀಟರ್ ದೂರದ ಕಮಲಾಪುರದಲ್ಲಿ ಇನ್ನೊಂದು, ನಡುವೆ ನೆಲದೊಳಗೆ ಕೂದಲಿನಂಥ ಗಾಜಿನ ಎಳೆ. ಕಲಬುರಗಿಯ ಪೆಟ್ಟಿಗೆ ಬೆಳಕನ್ನು ಜೋಳದ ಹಾಗೆ ಒಂದೊಂದೇ ಕಾಳು ಮಾಡಿ ಕಳಿಸುತ್ತದೆ. ಕಮಲಾಪುರದ್ದು ಒಂದೊಂದೇ ಕಾಳು ಹಿಡಿಯುತ್ತದೆ. ಆ ಕಾಳುಗಳಿಂದ ಎರಡೂ ಕಡೆ ಒಂದೇ ನಮೂನೆಯ ಗುಟ್ಟಿನ ಅಂಕಿ ತಯಾರಾಗುತ್ತದೆ. ಅದೇ ಕೀಲಿಕೈ. ಅದರಿಂದ ಕೀಲಿ ಹಾಕಿ ಕಳಿಸಿದ ಮಾತನ್ನು ಮೂರು ಲೋಕದಲ್ಲಿ ಯಾರೂ ಬಿಚ್ಚಲಾರರು. ಆದರೆ ಈ ಕಾಳುಗಳದು ಭಾರಿ ನಾಜೂಕು ಮೈ. ದಾರಿಯಲ್ಲಿ ಯಾರಾದರೂ ಕದ್ದು ನೋಡಿದರೆ ಕೆಡುತ್ತವೆ. ನೂರಕ್ಕೆ ಎಷ್ಟು ಕೆಟ್ಟವು ಅಂತ ಎರಡೂ ಪೆಟ್ಟಿಗೆಗಳ ಮೇಲೆ ಕೆಂಪು ಅಂಕಿ ಉರಿಯುತ್ತದೆ. ಮೂರೋ ನಾಲ್ಕೋ ಕೆಟ್ಟರೆ ಅದು ದಾರಿಯ ಧೂಳು. ಹನ್ನೊಂದು ದಾಟಿತೋ, ಎಲ್ಲೋ ಕಳ್ಳ ಕೂತಿದ್ದಾನೆ ಎಂದು ಯಂತ್ರ ಆ ಕೀಲಿಕೈಯನ್ನೇ ಬಿಸಾಡಿಬಿಡುತ್ತದೆ.

ದಿಲ್ಲಿಯ ಕಮಿಟಿಯ ಅಧ್ಯಕ್ಷರು ಪ್ರೊಫೆಸರ್ ವಿವೇಕಾನಂದ ಅಂತ. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ದನಿ. ಅವರು ಮೊದಲೇ ಹೇಳಿಬಿಟ್ಟಿದ್ದರು: "ಅವತ್ತು ನಮ್ಮ ಕಡೆಯವರೊಬ್ಬರು ಎಲ್ಲಾದರೂ ಕೂತು ನಿಮ್ಮ ಗುಟ್ಟು ಕದಿಯಲು ನೋಡುತ್ತಾರೆ. ತಡೆಯುವುದು ನಿಮಗೆ ಬಿಟ್ಟಿದ್ದು." ಅಂದಿನಿಂದ ಅಣವೀರಪ್ಪನ ಕನಸಿನಲ್ಲಿ ಕರಿ ಕನ್ನಡಕದ ಗಂಡಸೊಬ್ಬ ಕೇಬಲ್ ಹಿಡಿದು ತೆವಳುತ್ತಿದ್ದ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಕಲಬುರಗಿಯ ಪೆಟ್ಟಿಗೆ ಸದಾ ಬೆಚ್ಚಗೆ ಇರುತ್ತಿತ್ತು. ಯಶವಂತರಾಯರು ದಿನಾಲೂ ಮಧ್ಯಾಹ್ನ ಅದರ ಮೇಲೆ ತಮ್ಮ ಊಟದ ಡಬ್ಬಿ ಇಟ್ಟು ಬಿಸಿ ಮಾಡಿಕೊಳ್ಳುವರು. ಡಬ್ಬಿಯಲ್ಲಿ ದಿನಾಲೂ ಪುಂಡಿಪಲ್ಯ. ಪ್ರಯೋಗಾಲಯದ ಗೋಡೆಗಳು ಕೂಡ ಹುಳಿ ಹುಳಿ ವಾಸನೆ ಹೊಡೆಯುತ್ತಿದ್ದವು. ಅಣವೀರಪ್ಪ ಹಲ್ಲು ಕಡಿದು ಸುಮ್ಮನಿದ್ದ. ಅತಿಥಿಯಾದವನು ಮನೆ ಯಜಮಾನನ ಡಬ್ಬಿಗೆ ಏನಂದಾನು?

ಹೀಗಿರುವಾಗ ಪರೀಕ್ಷೆಯ ದಿನ ಬೆಳಿಗ್ಗೆ ಪ್ರಯೋಗಾಲಯದಿಂದ ವಿದ್ಯಾವತಿಯ ಫೋನು ಬಂತು. ಈಕೆ ಅಲ್ಲಿಯ ಇನ್‌ಸ್ಟ್ರಕ್ಟರ್. ನಾಲಗೆಗೆ ಲಿಂಬೆಹುಳಿ ಸವರಿಕೊಂಡೇ ಮನೆ ಬಿಡುವಾಕೆ.

"ಸರ್, ಹತ್ತೊಂಬತ್ತು ತೋರಿಸಾಕತ್ತದ್ರಿ."

"ಹತ್ತೊಂಬತ್ತು ಏನು?"

"ತಪ್ಪು. ನೂರಕ್ಕ ಹತ್ತೊಂಬತ್ತು. ನಿನ್ನಿತನಕ ನಾಲ್ಕಿತ್ತು. ಕಮಲಾಪುರದಾಗ ಏನು ಜಾತ್ರಿ ನಡದದೇನ್ರಿ?"

ಅಣವೀರಪ್ಪ ಪತ್ತಿನ ಸಂಘದ ಸೆಕ್ರೆಟ್ರಿ ನಬಿಸಾಬನಿಗೆ ಫೋನ್ ಹಚ್ಚಿದ. "ನಬಿಸಾಬ್, ಪೆಟ್ಟಿಗಿ ಮುಚ್ಚಳ ಯಾರರೆ ತೆಗದಾರೇನು?"

"ತೋಬಾ ತೋಬಾ! ಹಂಗ ಯಾರಿಗರೆ ಬಿಡ್ತೀನೇನ್ರಿ ಸರ್? ನಾ ಖುದ್ದು ಬಾಗಲದಾಗ ನಿಂತೀನಿ. ಒಬ್ಬೊಬ್ಬರನ್ನೇ ಬಿಡಾಕತ್ತೀನಿ. ಫಿಕರ್ ಮಾಡಬ್ಯಾಡ್ರಿ, ಲೈನ್ ಬರೋಬ್ಬರಿ ಅದ."

ಅಣವೀರಪ್ಪ ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಸ್ಕೂಟರ್ ಒದ್ದ. "ಇವತ್ತ ಆಗಬೇಕು ಅಂದ್ರ ಆಗಬೇಕು," ಅಂತ ರೊಟ್ಟಿಯ ಮೂಲಕವೇ ಶಪಥ ಮಾಡಿದ. ಸ್ಕೂಟರ್ ಎಷ್ಟು ಜೋರು ಓಡಿತೆಂದರೆ, ಮಹಾಗಾಂವ ಕ್ರಾಸಿನಲ್ಲಿ ಅವನ ನೆರಳು ಹಿಂದೆ ಬಿದ್ದು ಒಂದು ಟಂಟಂ ಆಟೋ ಹತ್ತಿ ಬಂತು. ಟಂಟಂನವನನ್ನೇ ಕೇಳಿ ಬೇಕಾದರೆ.

ಕಮಲಾಪುರದಲ್ಲಿ ಲೈನ್ ಖರೇನೇ ಬರೋಬ್ಬರಿ ಇತ್ತು. ಸಂಘದ ಹಿಂಬಾಗಿಲಿನಿಂದ ಹೊರಟ ಸಾಲು ಹಣ್ಣು ಮಾರುವ ಭಾಗಮ್ಮನ ಕೆಂಬಾಳೆ ಬುಟ್ಟಿ ಸುತ್ತು ಹಾಕಿ ರಸ್ತೆಗೆ ಬಂದಿತ್ತು. ಒಳಗೆ ಪೆಟ್ಟಿಗೆಯ ಮುಚ್ಚಳ ಬಾಯ್ದೆರೆದು ನಿಂತಿತ್ತು. ಒಬ್ಬೊಬ್ಬರೂ ಮೊಬೈಲ್ ಬ್ಯಾಟರಿ ಹಚ್ಚಿ, ಮೂಗು ಒಳಗಿಟ್ಟು ನೋಡುವರು. ಪಕ್ಕದಲ್ಲಿ ಸೂಗಪ್ಪ ಮುತ್ಯಾ ಕುರ್ಚಿ ಹಾಕಿಕೊಂಡು ವಿವರಣೆ ಕೊಡುತ್ತಿದ್ದ. ಹಿಂದಿನ ಕಾಲದಲ್ಲಿ ಟೆಲಿಫೋನ್ ಲೈನು ಜೋಡಿಸುವ ಕೆಲಸದಲ್ಲಿದ್ದವನು ಅವನು.

"ಮುತ್ಯಾ, ಏನು ಮಾಡಾಕತ್ತೀರಿ ಇದು? ಮುಚ್ಚಳ ತೆಗದ್ರ ಹೊರಗಿನ ಬೆಳಕು ಒಳಗ ಹೋಗ್ತದ! ಕಳ್ಳ ಬಂದಾನ ಅಂತ ಯಂತ್ರ ತಿಳಕೋತದ!"

"ಏ ತಮ್ಮಾ," ಅಂದ ಮುತ್ಯಾ, "ನಾ ಲೈನ್ ಮ್ಯಾಲೆ ಕುಂತಾಗ ಇಡೀ ಕಮಲಾಪುರದ ಮಾತು ಈ ಕಿವ್ಯಾಗಿಂದ ಹಾದು ಹೋಗ್ತಿತ್ತು. ಯಾರ ಮಗಳಿಗಿ ಎಲ್ಲಿ ವರ ಗೊತ್ತಾತು, ಹಡದ ತಾಯಿಗಿ ತಿಳಿಯೋ ಮೊದಲ ನನಗ ತಿಳಿತಿತ್ತು. ಯಾರಿಗೂ ಕೇಳಾಕ ಬರಲಾರದ ಲೈನ್, ಅದೂ ಒಂದು ಲೈನೇನು?"

ಅಣವೀರಪ್ಪ ಕುರ್ಚಿ ಹತ್ತಿ ನಿಂತು, ಬೆಳಕಿನ ಕಾಳು ಅಂದರೇನು, ಅದು ನೋಡಿದರೆ ಹೇಗೆ ಕೆಡುತ್ತದೆ ಎಂದು ಬೆವರು ಸುರಿಸಿ ಹೇಳಿದ. ಕಾಲೇಜಿನಲ್ಲಿ ಅವನ ಪಾಠ ಇಷ್ಟು ಮಂದಿ ಎಂದೂ ಕೇಳಿರಲಿಲ್ಲ. ಭಾಗಮ್ಮ ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು.

"ನೋಡಿದ್ರ ಕೆಡ್ತದ ಅಂದ್ರ ದೃಷ್ಟಿ ಆಗ್ತದ ಅನ್ನು. ಇಷ್ಟು ಹೇಳಾಕ ಕುರ್ಚಿ ಯಾಕ ಹತ್ತಬೇಕಿತ್ತೋ ಯಪ್ಪಾ?"

"ದೃಷ್ಟಿ ಅಲ್ಲಬೇ ಯವ್ವಾ, ಅದು..."

ಅವನು ಬಾಯಿ ಮುಚ್ಚುವುದರೊಳಗೆ ಭಾಗಮ್ಮ ಮುಷ್ಟಿ ತುಂಬ ಉಪ್ಪು ಮೆಣಸಿನಕಾಯಿ ತಂದು ಪೆಟ್ಟಿಗೆಗೆ ನಿವಾಳಿಸಿದಳು. ಲಿಂಬೆಹಣ್ಣು ಕಟ್ಟಿದಳು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕರ್ಪೂರ ಹಚ್ಚಿ ಬಾಯ್ದೆರೆದ ಪೆಟ್ಟಿಗೆಯ ಮುಂದೆ ಆರತಿ ಎತ್ತಿದಳು. ಕೆಂಪು ಅಂಕಿ ಹತ್ತೊಂಬತ್ತರಿಂದ ಇಪ್ಪತ್ಮೂರಕ್ಕೆ ಜಿಗಿಯಿತು.

"ಏರಿತು! ಏರಿತು!" ಅಂತ ಮಂದಿ ಸಿಳ್ಳೆ ಹಾಕಿದರು. ಅಂಕಿ ಏರಿದಷ್ಟೂ ಒಳ್ಳೆಯದು ಅಂತ ಅವರ ಲೆಕ್ಕ.

ಅಷ್ಟರಲ್ಲಿ ಸಂಘದ ಬಾಗಿಲಲ್ಲಿ ಒಬ್ಬ ಗಂಡಸು ಕಂಡ. ಕೊರಳಲ್ಲಿ ಟೈ. ಕಣ್ಣಿಗೆ ಕರಿ ಕನ್ನಡಕ. ಕೈಯಲ್ಲಿ ದೊಡ್ಡ ಬ್ಯಾಗು. ಅಣವೀರಪ್ಪನ ಕನಸೇ ಎದ್ದು ನಡೆದು ಬಂದಂತಿತ್ತು.

"ಸಿಕ್ಕಾ! ಹಿಡೀರಿ ಅವನ್ನ!"

ಕಮಲಾಪುರದವರಿಗೆ ಎರಡನೇ ಸಲ ಹೇಳುವ ಅಗತ್ಯ ಬೀಳಲಿಲ್ಲ. ನಾಲ್ಕು ಮಂದಿ ಕೈ ಹಿಡಿದರು, ಆರು ಮಂದಿ ಕಾಲು. ಉಳಿದವರು ಹಿಡಿಯಲು ಏನೂ ಸಿಗದೆ ಟೈ ಹಿಡಿದರು. ಹೊತ್ತು ತಂದು ಖೋಲಿಯೊಳಗೆ ಇಳಿಸಿದರು.

"ಹೆಸರೇನು?" ಅಂತ ಅಣವೀರಪ್ಪ ಗುಡುಗಿದ.

"ಹ... ಹಮೀದ್ ರೀ."

"ಬ್ಯಾಗಿನ್ಯಾಗ ಏನದ? ಲೈಟು ಅದಾವಿಲ್ಲ? ಖರೆ ಹೇಳು!"

"ಅದಾವ್ರಿ! ಅವನ್ನೇ ಮಾರಾಕ ಬಂದೀನ್ರಿ! ಎಲ್‌ಇಡಿ ಬಲ್ಬ್! ಕರೆಂಟ್ ಹೋದ್ರೂ ಉರಿತಾವ್ರಿ, ತಡೀರಿ ತೋರಿಸ್ತೀನಿ!" ತನ್ನ ಮರ್ಯಾದೆ ಉಳಿಸಿಕೊಳ್ಳಲು ಹಮೀದ್ ಬ್ಯಾಗಿನೊಳಗಿನ ಎಲ್ಲಕ್ಕಿಂತ ದೊಡ್ಡ ಬಲ್ಬು ತೆಗೆದು ಅಂಗೈಯಲ್ಲೇ ಉರಿಸಿ ಎತ್ತಿ ಹಿಡಿದ.

ಆ ಬೆಳಕಿಗೆ ಬೀದಿಯ ಸೂರ್ಯ ನಾಚಿ ಮೋಡ ಹುಡುಕಿದ. ಕೆಂಪು ಅಂಕಿ ನಲ್ವತ್ತೊಂದು ತೋರಿಸಿತು. ಮಂದಿ ಕುಣಿದೇ ಕುಣಿದರು. ನಬಿಸಾಬ್ ಸಂಘಕ್ಕೆಂದು ಎರಡು ಬಲ್ಬು ಅಲ್ಲೇ ಖರೀದಿ ಮಾಡಿದ.

ಅದೇ ಹೊತ್ತಿಗೆ ಸರಿಯಾಗಿ ಪ್ರಿನ್ಸಿಪಾಲರ ಫೋನು.

"ಅಣವೀರಪ್ಪಾ, ಕಮಿಟಿಯವರು ಊರ ಕೋಟೆ ನೋಡಾಕ ಹೋಗ್ಯಾರ. ತಿರುಗಿ ಬಂದ ಕೂಡ್ಲೆ ಪರೀಕ್ಷಾ. ಯಂತ್ರ ನಲ್ವತ್ತೊಂದು ತೋರಿಸಾಕತ್ತದಂತ. ಪಾಸ್ ಆಗಾಕ ಮೂವತ್ತೈದು ಸಾಕಲ್ಲೇನು?"

"ಅದು ಮಾರ್ಕ್ಸ್ ಅಲ್ರಿ ಸರ್, ತಪ್ಪು!"

"ಹಂಗಾದ್ರ ನಿಂದೇ ತಪ್ಪು. ನಾಳಿಂದ ಬರಬೇಕೋ ಬ್ಯಾಡೋ, ನೀನೇ ತಿಳಕೊ." ಫೋನ್ ಕಟ್ಟಾಯಿತು.

ಅಣವೀರಪ್ಪನ ಮೈಯಲ್ಲಿ ಒಂಬತ್ತು ವರ್ಷದ ಅತಿಥಿ ಸತ್ತು, ಇನ್ನೊಬ್ಬ ಮನುಷ್ಯ ಹುಟ್ಟಿದ. ತೋಳು ಮಡಚಿದ. "ಎಲ್ಲಾರೂ ಹೊರಗ!" ಅಂದ. ದನಿ ಕೇಳಿ ಬೆಕ್ಕು ಮೊದಲು ಹೊರಬಿತ್ತು. ಸೂಗಪ್ಪ ಮುತ್ಯಾನನ್ನು ಕುರ್ಚಿ ಸಮೇತ ಎತ್ತಿ ಅಂಗಳದಲ್ಲಿಟ್ಟ. ಹಮೀದನನ್ನು ಬ್ಯಾಗು ಸಮೇತ ಹುಮನಾಬಾದಿನ ಬಸ್ಸಿಗೆ ಹತ್ತಿಸಿದ. ಭಾಗಮ್ಮನ ಬುಟ್ಟಿಯನ್ನು ರಸ್ತೆಯ ಆಚೆ ಬದಿಗೆ ದಬ್ಬಿಸಿದ. "ನಾ ಸೆಕ್ರೆಟ್ರಿ ಅದೀನ್ರಿ ಸರ್," ಅಂತ ತಲೆ ತುರಿಸಿಕೊಂಡ ನಬಿಸಾಬನನ್ನೂ ಬಿಡಲಿಲ್ಲ.

"ಭಾಳ ಛಲೋ ಆತು," ಅಂತ ಆಚೆ ಬದಿಯಿಂದ ಭಾಗಮ್ಮ ಕೂಗಿದಳು. "ನೋಡೋ ಮಂದಿನ್ನ ಓಡಿಸಿದಿ. ನಾಳಿ ಬಾ ಅಂದ್ರ ಬರಂಗಿಲ್ಲ ತಿಳಕೊ!"

ಅವನಿಗೆ ಅದು ಕೇಳಿಸಲಿಲ್ಲ. ಮಂದಿಯ ಗಡಿಬಿಡಿಯಲ್ಲಿ ಮುಚ್ಚಳದ ಮೊಳೆಗಳು ಕಳೆದಿದ್ದವು. ಬಾಳೆ ನಾರು ಹೊಸೆದು ಮುಚ್ಚಳವನ್ನು ಬಿಗಿದು ಕಟ್ಟಿದ. ಕಿಟಕಿಗೆ ಹಳೇ ಕ್ಯಾಲೆಂಡರ್ ಬಡಿದ. ಅಂಕಿ ಇಳಿಯತೊಡಗಿತು. ಮೂವತ್ತು, ಹದಿನೆಂಟು, ಒಂಬತ್ತು. ಬೆವರು ಒರೆಸಿಕೊಂಡು ಹೊರಗೆ ಬಂದು ಕದಕ್ಕೆ ಕಬ್ಬಿಣದ ದೊಡ್ಡ ಕೀಲಿ ಜಡಿದ.

ಈಗ ಕಲಬುರಗಿಗೆ ಓಡಬೇಕು. ಗುಟ್ಟಿನ ಮಾತು ಟೈಪ್ ಮಾಡಿ ಕಳಿಸಬೇಕಾದವನು ಅವನೇ. ಆದರೆ ಇಲ್ಲಿ ಕಾಯುವವರು ಯಾರು? ಸಂಘದ ಇನ್ನೊಂದು ಕೀಲಿಕೈ ಎಲ್ಲಿದೆಯೆಂದು ಮುತ್ಯಾ ಆಗಲೇ ನಬಿಸಾಬನ ಕಿವಿಯಲ್ಲಿ ಕೇಳುತ್ತಿದ್ದ.

ಆಗ ಕಂಡಳು ಆ ಹುಡುಗಿ. ವರಾಂಡದ ಬೆಂಚಿನ ಮೇಲೆ, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು, ತಣ್ಣಗೆ ಕೆಂಬಾಳೆ ಹಣ್ಣು ಸುಲಿಯುತ್ತಿದ್ದಳು. ಬೆಳಗಿನಿಂದ ಅಲ್ಲೇ ಕೂತಿದ್ದಳು. ಊರಿಗೆ ಊರೇ ಸಾಲುಗಟ್ಟಿದಾಗಲೂ ಎದ್ದು ಬಂದಿರಲಿಲ್ಲ, ಒಮ್ಮೆಯೂ ಹಣಿಕಿ ಹಾಕಿರಲಿಲ್ಲ. ನಬಿಸಾಬನ ಕಡೆಯ ಹುಡುಗಿ ಇರಬೇಕು ಅಂದುಕೊಂಡ ಅಣವೀರಪ್ಪ.

"ತಂಗೀ, ಹೆಸರೇನವ್ವಾ?"

"ಅಫ್ಶೀನ್ ರೀ."

"ಇಡೀ ಕಮಲಾಪುರದಾಗ ಶಾಣ್ಯಾಕಿ ಅಂದ್ರ ನೀನೊಬ್ಬಾಕಿ. ಈ ಖೋಲಿ ಕಾಯ್ತೀಯೇನು? ಸಂಜಿತನಕ ಯಾರನ್ನೂ ಒಳಗ ಬಿಡಬಾರದು."

"ಬಿಡಂಗಿಲ್ರಿ ಸರ್."

"ನಬಿಸಾಬ್ ಬಂದು ಕೇಳಿದ್ರ?"

"ಬಿಡಂಗಿಲ್ಲ."

"ನಾನೇ ಬಂದು ಕೇಳಿದ್ರ?"

"ನೀವು ಬಂದ್ರೂ ಬಿಡಂಗಿಲ್ರಿ."

ಅಣವೀರಪ್ಪನಿಗೆ ಕಣ್ಣಲ್ಲಿ ನೀರು ಬಂತು. ಇಂಥ ವಿದ್ಯಾರ್ಥಿ ಒಂಬತ್ತು ವರ್ಷದಲ್ಲಿ ಒಬ್ಬರಾದರೂ ಸಿಕ್ಕಿದ್ದರೆ! ಕಬ್ಬಿಣದ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ಸ್ಕೂಟರ್ ಹತ್ತಿದ.

ಮಹಾಗಾಂವ ಕ್ರಾಸಿನಲ್ಲಿ ವಿದ್ಯಾವತಿಯ ಫೋನು ಬಂತು. "ಸರ್, ನಾಲ್ಕಕ್ಕ ಬಂದದ್ರಿ."

"ಗೊತ್ತಿತ್ತು ನನಗ!"

ಕಲಬುರಗಿಯ ಹೊರವಲಯದಲ್ಲಿ ಮತ್ತೆ ಫೋನು. "ಸರ್, ಈಗ ಸೊನ್ನಿ ಆಗ್ಯಾದ."

ಅಣವೀರಪ್ಪ ಸ್ಕೂಟರ್ ನಿಲ್ಲಿಸಿ ನಡುರಸ್ತೆಯಲ್ಲಿ ಕುಣಿದ. ಹಿಂದೆ ಬಂದ ಲಾರಿಯವನು ಹಾರ್ನ್ ಹೊಡೆದ. ಇವನು ಅದರ ತಾಳಕ್ಕೂ ಕುಣಿದ.

"ನನಗ್ಯಾಕೋ ಸಮಾಧಾನ ಇಲ್ರಿ ಸರ್," ಅಂದಳು ವಿದ್ಯಾವತಿ. "ಈ ಯಂತ್ರ ಬಂದಾಗಿಂದ ಒಮ್ಮೆರೆ ಸೊನ್ನಿ ತೋರಿಸ್ಯಾದೇನು?"

"ಹುಡುಗ ನೂರಕ್ಕ ನೂರು ತಗೊಂಡ್ರ ಯಾರರೆ ಅಳ್ತಾರೇನ್ರಿ ವಿದ್ಯಾವತಿ?"

"ನಮ್ಮ ಕಾಲೇಜಿನ ಹುಡುಗ ತಗೊಂಡ್ರ ನಾ ಮೊದಲು ಅವನ ಅಂಗಿ ತೋಳು ಬಿಚ್ಚಿಸಿ ನೋಡ್ತೀನ್ರಿ."

"ನಿಮಗ ಒಳ್ಳೇದು ಕಂಡ್ರ ಆಗಿಬರಂಗಿಲ್ಲ," ಎಂದು ಅವನು ಫೋನ್ ಇಟ್ಟ.

ಕಾಲೇಜಿನ ಸಭಾಂಗಣದಲ್ಲಿ ಕಮಿಟಿ ಕೂತಿತ್ತು. ಮೊದಲ ಸಾಲಿನಲ್ಲಿ ಯಶವಂತರಾಯರು. ಯಂತ್ರವನ್ನು ಪ್ರಯೋಗಾಲಯದಿಂದ ವೇದಿಕೆ ಮೇಲೆ ತಂದಿಟ್ಟಿದ್ದರು. ಮೇಲೆ ಮರೆತು ಉಳಿದಿದ್ದ ಡಬ್ಬಿಯನ್ನು ಯಶವಂತರಾಯರು ಸದ್ದಿಲ್ಲದೆ ಎತ್ತಿ ಕುರ್ಚಿಯ ಕೆಳಗೆ ಸರಿಸಿದರು. ಅಂಕಿ ಸೊನ್ನೆಯಲ್ಲಿ ಉರಿಯುತ್ತಿತ್ತು. ಅಷ್ಟು ದುಂಡನೆಯ, ಅಷ್ಟು ಚಂದದ ಸೊನ್ನೆಯನ್ನು ಕಲಬುರಗಿ ಜಿಲ್ಲೆ ಅದಕ್ಕೂ ಮೊದಲು ಕಂಡಿರಲಿಲ್ಲ.

"ಅಣವೀರಪ್ಪನವರೇ," ಅಂದರು ವಿವೇಕಾನಂದರು ಬೆಣ್ಣೆಯ ದನಿಯಲ್ಲಿ. "ನಿಮಗೆ ತೋಚಿದ ಒಂದು ಮಾತು ಬರೆದು ಕಮಲಾಪುರಕ್ಕೆ ಕಳಿಸಿ. ಏನು ಬರೆದಿರಿ ಎಂದು ನಮಗೂ ತೋರಿಸಬೇಡಿ. ಯಾರೂ ಊಹಿಸಲಾರದ ಮಾತು ಇರಲಿ. ನಮ್ಮವರು ಅದನ್ನು ಕದ್ದು ಓದಿದರೆ ನೀವು ಸೋತಿರಿ. ಓದಲಾಗದಿದ್ದರೆ ಗೆದ್ದಿರಿ."

"ಒಂದು ಛಂದಾದ ನೀತಿಮಾತು ಬರಿಯಪಾ," ಅಂದರು ಯಶವಂತರಾಯರು, ಮದುವೆ ಮನೆಯ ಹಿರಿಯರಂತೆ.

ಅಣವೀರಪ್ಪ ಕೀಬೋರ್ಡಿನ ಮುಂದೆ ಕೂತ. ಯಾರೂ ಊಹಿಸಲಾರದ ಮಾತು. ಮೂರು ಲೋಕದಲ್ಲಿ ಯಾರೂ ಬಿಚ್ಚಲಾರದ ಕೀಲಿ. ಆಚೆ ತುದಿಯಲ್ಲಿ ಪ್ರಿಂಟಾಗಿ ಬೀಳುವುದು ಕೀಲಿ ಜಡಿದ ಖೋಲಿಯಲ್ಲಿ. ನಾಳೆ ತಾನೇ ಹೋಗಿ ಹರಿದು ಹಾಕಿದರಾಯಿತು. ಒಂಬತ್ತು ವರ್ಷದ ಪುಂಡಿಪಲ್ಯದ ವಾಸನೆ ಅವನ ಮೂಗಿನಲ್ಲಿ ಎದ್ದಿತು. ಬೆರಳುಗಳು ತಾವಾಗಿಯೇ ಓಡಿದವು. ಮುಖದಲ್ಲಿ ಹೂ ಅರಳಿತು. ಕಳಿಸಿಬಿಟ್ಟ.

ಸಭೆ ಕಾದು ಕೂತಿತು. ಫ್ಯಾನು ತಿರುಗಿತು. ವಿವೇಕಾನಂದರ ಫೋನು ಒಮ್ಮೆ ಕುಯ್ಯೆಂದಿತು. ಅವರು ನೋಡಿ, ನಕ್ಕು, ಪರದೆಯ ಮೇಲೆ ವಿಡಿಯೋ ಕರೆ ಹಚ್ಚಿದರು.

"ನಮ್ಮ ಕಳ್ಳರ ಜೊತೆ ಮಾತಾಡೋಣ."

ಪರದೆಯ ಮೇಲೆ ಆಳೆತ್ತರಕ್ಕೆ ಮೂಡಿದಳು, ಬೆಂಚಿನ ಹುಡುಗಿ. ಒಂದು ಕೈಯಲ್ಲಿ ಅರ್ಧ ಸುಲಿದ ಕೆಂಬಾಳೆ, ಇನ್ನೊಂದು ಕೈಯಲ್ಲಿ ಕಬ್ಬಿಣದ ಕೀಲಿಕೈ.

"ಇವರು ಡಾಕ್ಟರ್ ಅಫ್ಶೀನ್," ಅಂದರು ವಿವೇಕಾನಂದರು. "ಇಂಥ ಯಂತ್ರಗಳ ಕಣ್ಣು ಕಟ್ಟುವುದರಲ್ಲಿ ಪರಿಣತರು. ನಿಮ್ಮ ಊರಿನವರೇ."

"ಹೌದ್ರಿ, ನಮ್ಮ ಮನಿ ಕಲಬುರಗಿ ರೋಜಾ ಓಣ್ಯಾಗ ಅದ," ಅಂದಳು ಅಫ್ಶೀನ್ ವಿನಯದಿಂದ. "ಸರ್, ಖರೆ ಹೇಳಬೇಕಂದ್ರ ನಾ ಮಧ್ಯಾಹ್ನ ಸೋತು ವಾಪಸ್ ಹೊಂಟಿದ್ದೆ. ಪೆಟ್ಟಿಗಿ ಹತ್ರ ಹೋಗಾಕ ಜಾಗಾನೇ ಇರಲಿಲ್ಲ. ಯಾವಾಗ ನೋಡಿದ್ರೂ ನಾಲ್ಕು ಮಂದಿ ಮೂಗು ಒಳಗ. ಕೇಬಲ್ ಮುಟ್ಟಿದ್ರ ಮುತ್ಯಾ ಹಿಡೀತಿದ್ದ. ಆಮ್ಯಾಲ ಇವರೇ ಎಲ್ಲಾರನ್ನೂ ಓಡಿಸಿ, ನನ್ನ ಕೈಯಾಗ ಕೀಲಿಕೈ ಕೊಟ್ಟು ಹೋದ್ರು."

ಸಭೆ ಅಣವೀರಪ್ಪನ ಕಡೆ ತಿರುಗಿತು. ಗುಟ್ಟಿನ ಕೀಲಿಕೈ ಹಂಚುವ ಯಂತ್ರಕ್ಕೆ ವರ್ಷಗಟ್ಟಲೆ ದುಡಿದ ಮನುಷ್ಯ ಕಳ್ಳಿಗೆ ಕಬ್ಬಿಣದ ಕೀಲಿಕೈಯನ್ನು ಕೈಯಾರೆ ಹಂಚಿ ಬಂದಿದ್ದ.

"ಆದ್ರ ತಪ್ಪು ಸೊನ್ನಿ ಅದ!" ಅಂತ ಅಣವೀರಪ್ಪ ಎದ್ದು ನಿಂತ. ಸುಮ್ಮನೆ ಸೋಲುವ ಪೈಕಿ ಅಲ್ಲ ಅವನು. "ನೀವು ಕಾಳು ಕದ್ದು ನೋಡಿದ್ರ ಕೆಡಬೇಕಿತ್ತು. ಒಂದೂ ಕೆಟ್ಟಿಲ್ಲ!"

"ನಾ ನಿಮ್ಮ ಯಂತ್ರದ ಕಣ್ಣಿಗಿ ನನ್ನ ಚೀಲದಾಗಿನ ಲೈಟಿನ್ಲೆ ಜೋರು ಬೆಳಕು ಬಿಟ್ಟೆ ಸರ್. ರಾತ್ರಿ ಲಾರಿ ಲೈಟ್ ಮಾರಿಗಿ ಬಿದ್ರ ಹೆಂಗಾಗ್ತದ? ಕಣ್ಣು ಕುರುಡಾತು. ನೀವು ಕಳಿಸಿದ ಕಾಳೆಲ್ಲ ನಾ ಹಿಡಕೊಂಡೆ, ಗುಟ್ಟಿನ ಕೀಲಿಕೈ ನನಗೂ ಸಿಕ್ತು. ಕುರುಡು ಯಂತ್ರಕ್ಕ ಬೆಳಕಿನ್ಲೆ ತಿವಿದು 'ಇದನ್ನ ಬರಕೊ' ಅಂದೆ, ಅದು ಬರಕೊಂತು. ತಾ ಸ್ವಂತ ನೋಡಿದ್ರ ತಪ್ಪಾಗ್ತಾವ. ನಾ ಹೇಳಿದ್ದು ಬರಕೊಂಡ್ರ ತಪ್ಪು ಎಲ್ಲಿಂದ ಬರಬೇಕ್ರಿ? ಅದಕ್ಕೇ ಸೊನ್ನಿ."

ಹಿಂದಿನ ಸಾಲಿನಲ್ಲಿ ವಿದ್ಯಾವತಿ ಯಾರ ಕಡೆಯೂ ನೋಡದೆ ತನ್ನ ಅಂಗಿ ತೋಳನ್ನು ಒಮ್ಮೆ ಬಿಚ್ಚಿ, ಮತ್ತೆ ಮಡಚಿದಳು.

"ಸರಿ," ಅಂದರು ವಿವೇಕಾನಂದರು. "ಅವರು ಕಳಿಸಿದ ಮಾತು ನಿಮಗೆ ಸಿಕ್ಕಿದ್ದರೆ ಓದಿ."

ಅಫ್ಶೀನ್ ಒಂದು ಸಲ ಕೆಮ್ಮಿದಳು. "ಓದಲೇಬೇಕೇನ್ರಿ?"

"ಓದಲೇಬೇಕು."

"'ನಮ್ಮ ಪ್ರಿನ್ಸಿಪಾಲರು ದಿನಾಲೂ ಈ ಯಂತ್ರದ ಮೇಲೆ ಊಟದ ಡಬ್ಬಿ ಬಿಸಿ ಮಾಡಿಕೊಳ್ಳುತ್ತಾರೆ. ಯಂತ್ರದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಡಬ್ಬಿಯಲ್ಲಿ ಏನಿದೆ ಎಂದು ನಮಗೆಲ್ಲ ಗೊತ್ತಿದೆ.'"

ಫ್ಯಾನು ಕೂಡ ನಿಂತಿತು. ಕರೆಂಟ್ ಹೋಗಿತ್ತೆಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಯಶವಂತರಾಯರ ಮುಖ ಒಲೆಯಲ್ಲಿ ಸುಟ್ಟ ಬದನೆಕಾಯಿ ಆಯಿತು. ಅವರ ಕಾಲು ಕುರ್ಚಿಯ ಕೆಳಗಿನ ಡಬ್ಬಿಯನ್ನು ಇನ್ನೂ ಹಿಂದಕ್ಕೆ ಸರಿಸಿತು. ಡಬ್ಬಿ ಠಣ್ ಎಂದಿತು.

"ಅಣವೀರಪ್ಪನವರೇ, ನೀವು ಕಳಿಸಿದ್ದು ಇದೇ ಮಾತೇ?"

ಅಣವೀರಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಹೌದು ಅಂದರೆ ಯಂತ್ರ ಫೇಲು, ಪ್ರಿನ್ಸಿಪಾಲರ ಮುಂದೆ ತಾನೂ ಫೇಲು. ಅಲ್ಲ ಅಂದರೆ ಕಳ್ಳಿಗೆ ಸಿಕ್ಕಿದ್ದು ಸುಳ್ಳು ಮಾತು, ಯಂತ್ರ ಗಟ್ಟಿ, ನೌಕರಿ ಕಾಯಂ. ಎದೆ ಸೆಟೆಸಿದ.

"ಅಲ್ರಿ. ಇದು ನನ್ನ ಮಾತೇ ಅಲ್ಲ!"

ಯಶವಂತರಾಯರು ಸ್ಪ್ರಿಂಗಿನಂತೆ ಎದ್ದರು. "ಅಲ್ಲ ಅಂದ್ರ ಅಲ್ಲ! ನಮ್ಮ ಹುಡುಗ ಹಂಗ ಬರಿಯಾಂವ ಅಲ್ಲ! ಕದ್ದಾಕಿಗಿ ಬ್ಯಾರೆ ಏನೋ ಸಿಕ್ಕದ. ಯಂತ್ರ ಪಾಸ್! ಅಣವೀರಪ್ಪಾ, ನಾಳಿ ನಿನ್ನ ಆರ್ಡರ್ ತಗೊ!"

ಹೀಗೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಅಣವೀರಪ್ಪ ಕಾಯಂ ನೌಕರನಾಗಿದ್ದ. ಅಷ್ಟರಲ್ಲಿ ಪರದೆಯೊಳಗೆ ಗದ್ದಲವಾಯಿತು. ಅಫ್ಶೀನಳ ಹಿಂದಿನಿಂದ ಒಂದು ಮುಖ ನುಗ್ಗಿತು. ನಬಿಸಾಬ್.

"ಸರ್! ಸರ್! ಮುಬಾರಕ್ ಹೋ! ನಿಮ್ಮ ಮೆಸೇಜ್ ಬಂದದ್ರಿ! ನಿಮ್ಮ ಕಾಲೇಜಿನ ಈ ಅಕ್ಕೋರು ಕೀಲಿ ತೆಗೆದು ಒಳಗ ಬಿಟ್ರು. ಪ್ರಿಂಟ್ ಬಿದ್ದದ, ಒಂದಕ್ಷರ ಕೆಟ್ಟಿಲ್ಲ, ಕೇಳ್ರಿ!"

"ನಬಿಸಾಬ್, ಬ್ಯಾಡ..." ಅಂದ ಅಣವೀರಪ್ಪ.

ನಬಿಸಾಬ್ ಕಾಗದ ಎತ್ತಿ ಹಿಡಿದು, ಸಂಘದ ವಾರ್ಷಿಕ ಸಭೆಯಲ್ಲಿ ವರದಿ ಓದುವ ದನಿಯಲ್ಲಿ ಓದಿದ. ಅದೇ ಪ್ರಿನ್ಸಿಪಾಲರು, ಅದೇ ಡಬ್ಬಿ. ಖರೇನೇ ಒಂದಕ್ಷರ ಕೆಟ್ಟಿರಲಿಲ್ಲ. ಓದಿ ಮುಗಿಯುವುದರೊಳಗೆ ಸೂಗಪ್ಪ ಮುತ್ಯಾನೂ ಭಾಗಮ್ಮನೂ ಪರದೆಯಲ್ಲಿ ತೂರಿಕೊಂಡಿದ್ದರು.

"ಇದು ಲೈನ್ ಅಂದ್ರ ಲೈನ್!" ಅಂತ ಮುತ್ಯಾ ತೊಡೆ ತಟ್ಟಿದ. "ಈಗ ಎಲ್ಲಾರಿಗೂ ಕೇಳಿಸ್ತು ನೋಡು!"

"ಅದೆಲ್ಲ ಇರಲಿ," ಅಂದಳು ಭಾಗಮ್ಮ, ಕ್ಯಾಮೆರಾಕ್ಕೆ ಮೂಗು ಒತ್ತಿ. "ಆ ಡಬ್ಬಿದಾಗ ಏನಿತ್ತೋ ಯಪ್ಪಾ?"

ಯಶವಂತರಾಯರು ಅಣವೀರಪ್ಪನನ್ನು ತೆಗೆದುಹಾಕಲಿಲ್ಲ. ತೆಗೆದುಹಾಕಿದ್ದರೆ ಡಬ್ಬಿಯ ಮಾತು ಖರೆ ಅಂತ ಒಪ್ಪಿಕೊಂಡಂತೆ ಆಗುತ್ತಿತ್ತು. ಅತಿಥಿಯನ್ನು ಅತಿಥಿಯಾಗಿಯೇ ಇಟ್ಟು, ಯಂತ್ರ ಕಾಯಲು ಕಮಲಾಪುರಕ್ಕೆ ಅಟ್ಟಿದರು. ವಿವೇಕಾನಂದರು ಹೋಗುವ ಮುಂಚೆ ಬೆಣ್ಣೆಯ ದನಿಯಲ್ಲಿ ಹೇಳಿದರು: "ಮತ್ತೊಮ್ಮೆ ಬರುತ್ತೇವೆ. ಆಗ ಗೆದ್ದರೂ ಸಾಕು. ಮೊದಲು ಯಂತ್ರದ ಕಣ್ಣಿಗೆ ರಕ್ಷಣೆ ಮಾಡಿಸಿ. ಅಲ್ಲಿಯವರೆಗೆ ಆ ಪೆಟ್ಟಿಗೆಯ ಸುತ್ತ ಸದಾ ನಾಲ್ಕು ಜನ ಇರುವಂತೆ ನೋಡಿಕೊಳ್ಳಿ. ನಮ್ಮ ಅಫ್ಶೀನ್ ಹೆದರಿದ್ದು ಅಂಥವರಿಗೆ ಮಾತ್ರ."

ನಾಲ್ಕು ಜನ! ಕಮಲಾಪುರದಲ್ಲಿ ಅದೇನು ದೊಡ್ಡ ಮಾತು ಅಂದುಕೊಂಡ ಅಣವೀರಪ್ಪ. ಹಟ ಇನ್ನೂ ಬಿಟ್ಟಿರಲಿಲ್ಲ. ಹಳೆಯ ಚೀಟಿ ಕಿತ್ತೆಸೆದು, ಅದರ ಎರಡರಷ್ಟು ದೊಡ್ಡ ಹಾಳೆಯಲ್ಲಿ, ಬಣ್ಣದ ಅಕ್ಷರದಲ್ಲಿ, "ದಯಮಾಡಿ ಎಲ್ಲರೂ ಒಳಗೆ ಬಂದು ನೋಡಿರಿ" ಎಂದು ಬರೆದು ಅಂಟಿಸಿದ. ಸಂಘದ ಬಾಗಿಲಿಗೂ ಒಂದು ಅಂಟಿಸಿದ. ಬೆಂಚು ಹಾಕಿಸಿದ. ಸೂಗಪ್ಪ ಮುತ್ಯಾನ ಕುರ್ಚಿಯನ್ನು ತಾನೇ ಹೊತ್ತು ತಂದು ಹಳೆಯ ಜಾಗದಲ್ಲಿಟ್ಟು ಒರೆಸಿದ.

ಅಂದಿನಿಂದ ಆ ಖೋಲಿಯ ಕಡೆ ಒಂದು ನರಪಿಳ್ಳೆ ಸುಳಿದಿಲ್ಲ. ಬಸ್ಸು ನಿಲ್ಲುವುದಿಲ್ಲ. ಬೆಕ್ಕು ಕೂಡ ಮಲಗುವ ಜಾಗ ಬದಲಾಯಿಸಿದೆ. ಈಗಲೂ ಹೋಗಿ ನೋಡಿ, ಅಣವೀರಪ್ಪ ಬಾಗಿಲಲ್ಲಿ ನಿಂತು ಹೋಗಿ ಬರುವವರನ್ನು ಅಂಗಲಾಚುತ್ತಿರುತ್ತಾನೆ.

"ಭಾಗಮ್ಮಾ, ನಿನ್ನ ಕಾಲಿಗಿ ಬೀಳ್ತೀನಿ. ಬಂದು ಒಂದೀಟು ಹಣಿಕಿ ಹಾಕಿ ಹೋಗಬೇ!"

ರಸ್ತೆಯ ಆಚೆ ಬದಿಯಿಂದ ಭಾಗಮ್ಮ ಕೆಂಬಾಳೆಯ ಮೇಲಿನ ನೊಣ ಓಡಿಸುತ್ತ, ತಲೆ ಕೂಡ ಎತ್ತದೆ ಹೇಳುತ್ತಾಳೆ:

"ನಮಗ್ಯಾಕ ಬೇಕೋ ಯಪ್ಪಾ? ದೃಷ್ಟಿ ಆದೀತು."